ಕೀ ಕೊಡುವಾಗ ಹೇಳುವ ಗುಣ

ಆಗಸ್ಟ್ 3, ಸೋಮವಾರ

ಮಹಾಜನರೇ! ಮುಂದಿನ ಸಾಲಿನ ಕುರ್ಚಿಯವರೇ, ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತವರೇ, ಟಿಕೆಟ್ಟಿಲ್ಲದೆ ತಟ್ಟಿಯ ಸಂದಿನಿಂದ ಇಣುಕುತ್ತಿರುವ ಪುಣ್ಯಾತ್ಮರೇ! ಸದ್ದು ನಿಲ್ಲಲಿ! ಪರದೆ ಏಳುತ್ತಿದೆ!

ನಿಜ ಹೇಳಬೇಕೆಂದರೆ ಇಲ್ಲಿ ಯಾರೂ ಇಲ್ಲ. ಲೋಡಿಗೆ ಕಾಯುತ್ತ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತಿದ್ದೇನೆ, ತೊಡೆಯ ಮೇಲೆ ಈ ಪುಸ್ತಕ. "ಆ ಡೈಲಾಗೆಲ್ಲ ಎಲ್ಲಾದ್ರೂ ಬರೆದಿಡ್ರೀ, ನನ್ನ ಕಿವಿಗೂ ಒಂದಿನ ರಜೆ ಸಿಗ್ಲಿ" ಎಂದು ಹೆಂಡತಿ ಕೈಗಿಟ್ಟದ್ದು. ಅಪ್ಪ ನಾಟಕದ ಕಂಪನಿಯಲ್ಲಿ ಪರದೆ ಎಳೆಯುವವನು. ನಾನು ಬೆಳೆದದ್ದು ಬಣ್ಣದ ಪೆಟ್ಟಿಗೆಗೆ ಒರಗಿಕೊಂಡು. ಅಲ್ಲಿಂದ ಗಂಟಲು ಬಂತು, ಪಾತ್ರ ಮಾತ್ರ ಬರಲಿಲ್ಲ. ಹಾಗಾಗಿ ಲಾರಿ ಹತ್ತಿದೆ. ಯಾರ್ಡಿನಲ್ಲಿ ನನ್ನ ಹೆಸರು ಗುಡುಗು. ನಾನು ಗೇಟಿನ ಹತ್ತಿರ ಕೆಮ್ಮಿದರೆ ಆಫೀಸಿನಲ್ಲಿ ಟೀ ಚೆಲ್ಲುತ್ತದೆ ಎನ್ನುತ್ತಾರೆ.

ಈಗ ನಾಯಕಿಯ ಪ್ರವೇಶ! ಇಗೋ, ನಾನು ಕೂತಿರುವುದು ಅವಳ ಮಡಿಲಲ್ಲೇ. ಕಂಪನಿಯ ಗಾಡಿ, ಆದರೆ ಹದಿನಾರು ವರ್ಷಗಳಿಂದ ನನ್ನ ಹೊರತು ಇನ್ನೊಬ್ಬನ ಅಂಗೈಗೆ ಒಗ್ಗದ ನನ್ನ ರಾಣಿ. ಭಾನುವಾರ ಅವಳಿಗೆ ಸ್ನಾನ, ನಾನೇ ಮಾಡಿಸಬೇಕು. ಮನೆಯಲ್ಲಿ ಇವಳಿಗಿಟ್ಟ ಹೆಸರು "ಸವತಿ". ಯಾರ್ಡಿನ ಗೋಡೆಯ ಮೇಲೆ ಧಣಿ ಆನೆಯಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ: "ಗಾಡಿ ನಿಮ್ಮದೇ ಎಂದು ತಿಳಿಯಿರಿ." ಆ ಮಾತನ್ನು ಅಕ್ಷರಶಃ ತಿಳಿದವನು ನಾನೊಬ್ಬ. ಚೆನ್ನಾಗಿ ಸಾಕಿದ ಗಾಡಿಗೆ ಕೊಡುವ ಶಾಲನ್ನು ಹೊದ್ದ ನನ್ನ ಫೋಟೊ ಧಣಿಯ ಕುರ್ಚಿಯ ಹಿಂದೆ ನೇತಾಡುತ್ತಿದೆ.

ಮೌನಿ ಅಂತ ಒಬ್ಬ ಡ್ರೈವರ್ ಇದ್ದಾನೆ. ಬದಲಿ ಡ್ರೈವರ್, ಯಾರು ರಜೆ ಹೋದರೆ ಅವರ ಗಾಡಿ ಅವನಿಗೆ. ವಾರಕ್ಕೊಂದು ಮಾತು ಆಡಿದರೆ ಹೆಚ್ಚು. ಆ ಗೋಡೆ ಓದಿ ಒಮ್ಮೆ ಹೇಳಿದ್ದ: "ತಿಳ್ಕೊಳ್ಳಿ ಅಂದ್ರು ಗುಡುಗಣ್ಣ, ನಿಮ್ದು ಅನ್ಲಿಲ್ಲ." ಆ ವಾರದ ಮಾತು ಅಲ್ಲಿಗೆ ಖರ್ಚಾಯಿತು.

ಇಷ್ಟೆಲ್ಲ ಪೀಠಿಕೆ ಹಾಕಿ ವಿಷಯ ಮರೆಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಧಣಿ ನಮ್ಮನ್ನೆಲ್ಲ ಸೇರಿಸಿ ಹೇಳಿದರು, ಶನಿವಾರ ಹಳೆಯ ಗಾಡಿಗಳ ತಪಾಸಣೆ. ದೊಡ್ಡ ರಿಪೇರಿ ಕಂಡದ್ದೆಲ್ಲ ಗುಜರಿಗೆ. ನಮ್ಮಲ್ಲಿ ಗಾಡಿ ಇಳಿದರೆ ಡ್ರೈವರ್ ಕೂಡ ಇಳಿದ ಹಾಗೆ. ಐವತ್ತಾರರ ಮುದುಕನಿಗೆ ಹೊಸ ಗಾಡಿಯ ಕೀ ಯಾರು ಕೊಡುತ್ತಾರೆ?

ರಾಣಿಗೆ ಒಂದು ರೋಗವಿದೆ. ಅದು ನನಗೂ ಅವಳಿಗೂ ಮಾತ್ರ ಗೊತ್ತು.

ಆಗಸ್ಟ್ 5, ಬುಧವಾರ

ರೋಗದ ವಿವರ. ಇವಳ ಬ್ರೇಕ್ ಗಾಳಿಯ ಮೇಲೆ ನಿಂತದ್ದು. ಟ್ಯಾಂಕಿನಲ್ಲಿ ಗಾಳಿ ತುಂಬಿದ್ದರೆ ಹಿಡಿತ, ಹೋದರೆ ಹಿಡಿತವೂ ಹೋಯಿತು. ಕೆಳಗೆ ಒಂದು ಜಾಯಿಂಟಿನಲ್ಲಿ ಗಾಳಿ ಸಣ್ಣಗೆ ಸೋರುತ್ತದೆ. ಅದಾದರೂ ಪರವಾಗಿಲ್ಲ. ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಅಂಟಿಕೊಂಡುಬಿಟ್ಟಿದೆ. ಟ್ಯಾಂಕು ಬರಿದಾಗುತ್ತಿದ್ದರೂ "ತುಂಬಿದೆ, ತುಂಬಿದೆ" ಎನ್ನುತ್ತದೆ. ನನಗೆ ಮುಳ್ಳು ಬೇಡ. ಸೀಟಿನ ಕೆಳಗಿನ ಉಸಿರು ಕೇಳಿಯೇ ಗೊತ್ತಾಗುತ್ತದೆ. ಇಳಿಜಾರಿಗೆ ಮುಂಚೆಯೇ ಗೇರು ಇಳಿಸುತ್ತೇನೆ, ಬ್ರೇಕನ್ನು ಬರಿದೇ ತುಳಿಯುವುದಿಲ್ಲ. ಗಂಡನಿಗೆ ಹೆಂಡತಿಯ ಮೊಣಕಾಲು ನೋವು ಗೊತ್ತಿರುವ ಹಾಗೆ.

ಯಾರ್ಡಿನ ಗ್ಯಾರೇಜ್ ಮೇಸ್ತ್ರಿಗೆ ತೋರಿಸಿದೆ. ಅವನು ಕೆಳಗೆ ಮಲಗಿ ನೋಡಿ, ಕೈ ಒರೆಸಿಕೊಳ್ಳುತ್ತ ಎದ್ದ.

"ಜಾಯಿಂಟು, ಮುಳ್ಳು ಎರಡೂ ಹೊಸದು ಹಾಕ್ಬೇಕು. ಅರ್ಧ ದಿನದ ಕೆಲ್ಸ."

"ಹಾಕಪ್ಪ ಮತ್ತೆ!"

"ಹಾಕಿದ್ರೆ ಬರೀಬೇಕು. ಬ್ರೇಕು ಅಂತ ಬರೆದ್ರೆ ದೊಡ್ಡ ರಿಪೇರಿ. ಶನಿವಾರವೇ ಗುಜರಿ."

"ಬರೀದೆ ಹಾಕು."

"ಸಾಮಾನು ನಮ್ಮಪ್ಪನ ಮನೆಯಿಂದ ತರ್ಲಾ? ಸ್ಟೋರಲ್ಲಿ ಸಹಿ ಹಾಕ್ದೆ ಒಂದು ನಟ್ಟೂ ಕೊಡೋಲ್ಲ." ಆಮೇಲೆ ಬೀಡಿ ಹಚ್ಚಿಕೊಂಡು ಎತ್ತಲೋ ನೋಡಿದ. "ನೀನು ತೋರಿಸ್ಲಿಲ್ಲ, ನಾನು ನೋಡ್ಲಿಲ್ಲ. ಆದ್ರೆ ಬಜರ್ ಇದೆಯಲ್ಲ, ಅದು ಕೂಗಿಬಿಡುತ್ತೆ ಕಣಯ್ಯ."

ಹೌದು. ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನ ಕೆಳಗೆ ಬಜರ್ ಕೂಗುತ್ತದೆ. ಮುಳ್ಳು ಸುಳ್ಳು ಹೇಳಿದರೂ ಅದು ಹೇಳುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದು ಹೆಂಡತಿಯ ಹೊಲಿಗೆ ಮೆಷಿನ್ನಿನ ಕೆಳಗಿನಿಂದ ಒಂದು ಹಸಿರು ಬಟ್ಟೆಯ ಚೂರು ಎತ್ತಿಕೊಂಡೆ. "ಸವತಿಗೆ ಕುಪ್ಪಸ ಹೊಲೀತೀರಾ?" ಎಂದಳು. ನಕ್ಕೆ. ಯಾರ್ಡಿಗೆ ಮರಳಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಜರಿನ ವೈರು ಕಿತ್ತು, ತುದಿಗೆ ಆ ಚೂರು ಸುತ್ತಿ, ಒಳಗೆ ತುರುಕಿದೆ.

ಅವಳನ್ನು ಉಳಿಸಲೆಂದೇ ಅವಳ ಬಾಯಿ ಕಟ್ಟಿದೆ, ಸಭಿಕರೇ. ನಾಟಕದಲ್ಲಿ ಇಂಥ ದೃಶ್ಯಕ್ಕೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗಸ್ಟ್ 8, ಶನಿವಾರ

ಗೆದ್ದೆ! ಡಂಗುರ ಹೊಡೆಯಿರಿ! ಎಂಜಿನ್ ಮೊದಲೇ ಓಡಿಸಿಟ್ಟಿದ್ದೆ. ತಪಾಸಣೆಯವನು ಕ್ಯಾಬಿನ್ ಹತ್ತಿ ಮುಳ್ಳು ನೋಡಿದ, ತುಂಬಿತ್ತು. ಬಜರಿಗಾಗಿ ಕಿವಿಗೊಟ್ಟ, ಕೂಗಲಿಲ್ಲ. ಬಾಗಿಲ ಹಿಡಿಯ ಹೊಳಪು ನೋಡಿ, "ಇದು ಹದಿನಾರು ವರ್ಷದ ಗಾಡಿನಾ?" ಎಂದ. ಧಣಿ ಎಲ್ಲರೆದುರಿಗೆ ನನ್ನ ಬೆನ್ನು ತಟ್ಟಿದರು. "ನೋಡಿ ಕಲೀರಯ್ಯ! ಇವನು ಸಂಬಳಕ್ಕೆ ದುಡಿಯೋನಲ್ಲ, ಮನೆ ಮಗ!" ಮತ್ತೆ ಶಾಲು, ಮತ್ತೆ ಫೋಟೊ.

ಮೇಸ್ತ್ರಿ ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಗ್ರೀಸ್ ಇತ್ತಂತೆ.

ಶಾಲನ್ನು ಹೆಂಡತಿ ಮಡಿಸಿ ಪೆಟ್ಟಿಗೆಗೆ ಹಾಕಿದಳು. "ಮನೆ ಮಗ ಅಂದ್ರಾ? ಹಾಗಾದ್ರೆ ಮುಂದಿನ ಸಲ ಶಾಲಿನ ಬದಲು ಹಬ್ಬದೂಟಕ್ಕೆ ಕರೀಲಿ. ಶಾಲು ಮಡಿಸಿ ಮಡಿಸಿ ಸಾಕಾಯ್ತು."

ಒಂದೇ ಒಂದು ಕಲ್ಲು ಅನ್ನದಲ್ಲಿ. ಐವತ್ತೈದು ದಾಟಿದ ಡ್ರೈವರುಗಳಿಗೆ ಕಣ್ಣಿನ ಪರೀಕ್ಷೆಯಂತೆ, ಸೋಮವಾರದಿಂದ ಮೂರು ದಿನ ನನಗೆ ರಜೆ. ಅಲ್ಲಿಯವರೆಗೆ ರಾಣಿ ಮೌನಿಯ ಕೈಗೆ.

ಹೇಳಿಬಿಡುತ್ತೇನೆ. ಅವನಿಗೆ ಮಾತ್ರ ಗುಟ್ಟಾಗಿ ಹೇಳಿದರಾಯಿತು.

ಆಗಸ್ಟ್ 10, ಸೋಮವಾರ

ನಮ್ಮ ಯಾರ್ಡಿನಲ್ಲಿ ಹಳೆಯದೊಂದು ಪದ್ಧತಿ. ಯಾವ ಧಣಿಯೂ ಮಾಡಿದ್ದಲ್ಲ, ಡ್ರೈವರುಗಳೇ ಮಾಡಿಕೊಂಡದ್ದು. ಕೀ ಇಸಿದುಕೊಳ್ಳುವವನು ಕೈ ಚಾಚುವ ಮುಂಚೆ, "ಇವಳ ಗುಣ ಏನು?" ಎಂದು ಕೇಳುತ್ತಾನೆ. ಕೊಡುವವನು ಗಾಡಿಯ ಗುಣ ಹೇಳಬೇಕು. ಎರಡನೇ ಗೇರು ಮೊಂಡು, ಸ್ಟೀರಿಂಗ್ ಎಡಕ್ಕೆ ಎಳೆಯುತ್ತೆ, ಮಳೆಯಲ್ಲಿ ವೈಪರ್ ಕೈಕೊಡುತ್ತೆ, ಹೀಗೆ. ಅಪ್ಪನಾಣೆ ಇಟ್ಟು ಸುಳ್ಳು ಹೇಳುವವರೂ ಕೀ ಕೊಡುವಾಗ ಸುಳ್ಳು ಹೇಳುವುದಿಲ್ಲ.

ಮೌನಿ ಬಂದ. ಟವೆಲ್ಲಿನಲ್ಲಿ ಸುತ್ತಿದ ಬುತ್ತಿ ಬಗಲಲ್ಲಿತ್ತು. ಎದುರಿಗೆ ನಿಂತು ಕೇಳಿದ, "ಇವಳ ಗುಣ ಏನು, ಗುಡುಗಣ್ಣ?"

ಬಾಯಿ ತೆರೆದೆ. ಆಗಲೇ ಧಣಿಯ ಕಾರು ಗೇಟಿನೊಳಗೆ ಬಂದು ನಮ್ಮ ಪಕ್ಕದಲ್ಲೇ ನಿಂತಿತು. ಇಳಿದು ನಗುತ್ತ ನಿಂತರು. "ಹೇಳಯ್ಯ ಗುಡುಗು, ನಿನ್ನ ರಾಣಿ ಗುಣ ನಾವೂ ಕೇಳೋಣ!" ಹತ್ತು ಜನ ಸುತ್ತ ಸೇರಿದರು. ಅದೇ ಸಭೆ, ಅದೇ ಮೌನ. ನನ್ನ ಎದೆ ತಾನಾಗಿ ಉಬ್ಬಿತು, ಸಭಿಕರೇ. ಕೈ ತಾನಾಗಿ ಮೇಲೆದ್ದಿತು.

"ಬಂಗಾರ!" ಎಂದು ಗರ್ಜಿಸಿದೆ. "ಅಪ್ಪಟ ಬಂಗಾರ! ಒಂದು ಕುಂದಿಲ್ಲ! ಇಳಿಜಾರಲ್ಲಿ ಮಾತ್ರ ಸ್ವಲ್ಪ ಪ್ರೀತಿಯಿಂದ ನಡೆಸ್ಕೋ."

ಮೌನಿ ತಲೆ ಕೆರೆದುಕೊಂಡ. "ಪ್ರೀತಿ ಅಂದ್ರೆ ಎಷ್ಟನೇ ಗೇರು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಧಣಿ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವನು ನಗಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದ. ಕೀ ಅವನ ಅಂಗೈಗೆ ಬಿತ್ತು, ಗಾಡಿ ಹೊರಟಿತು.

ದಾರಿಯಲ್ಲಿ ಎಲ್ಲಾದರೂ ಟೀಗೆ ನಿಲ್ಲಿಸುತ್ತಾನೆ. ಆಗ ಫೋನ್ ಮಾಡಿ ಹೇಳುತ್ತೇನೆ.

ಆಗಸ್ಟ್ 11, ಮಂಗಳವಾರ

ಕಣ್ಣಿಗೆ ಹನಿ ಹಾಕಿದ್ದಾರೆ. ಅಕ್ಷರಗಳು ಇರುವೆಯ ಹಾಗೆ ಓಡುತ್ತಿವೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತುತ್ತಿಲ್ಲ. ಮೌನಿ ಓಡಿಸುವಾಗ ಫೋನ್ ಮುಟ್ಟುವವನಲ್ಲ. ಅವನಿಗೆ ಗಾಡಿ ಎಂದರೆ ಕೆಲಸ, ಕೆಲಸ ಎಂದರೆ ನಿಯಮ.

ಸಂಜೆ ಅವನೇ ಮಾಡಿದ. ನಾಳೆ ಬೆಳಿಗ್ಗೆ ಲೋಡ್ ಹಾಕಿಕೊಂಡು ಗುಡ್ಡ ಇಳಿಯುತ್ತಾನಂತೆ. "ಏನಣ್ಣ?" ಎಂದ. ಮೇಸ್ತ್ರಿಯ ನೆನಪಾಯಿತು, ಶಾಲಿನ ನೆನಪಾಯಿತು. ಇವನು ಸತ್ಯಸಂಧ, ಕೇಳಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಆಫೀಸಿಗೆ ಫೋನ್ ಮಾಡಿಬಿಡುತ್ತಾನೆ ಎನಿಸಿತು.

"ರಾಣಿ ಹೇಗಿದಾಳೆ?" ಎಂದೆ.

"ಚೆನ್ನಾಗಿದೆ."

"ಗುಡ್ಡದಲ್ಲಿ ಹುಷಾರು."

"ಹ್ಞೂಂ."

ಅಷ್ಟು ಹೇಳಿದ್ದೇನಲ್ಲ. ಹುಷಾರು ಎಂದಿದ್ದೇನಲ್ಲ.

ಆಗಸ್ಟ್ 12, ಬುಧವಾರ

ಗುಡ್ಡದಲ್ಲಿ ಬ್ರೇಕ್ ಹಿಡಿಯಲಿಲ್ಲ.

ಬದುಕಿದ್ದಾನೆ.

ಆಗಸ್ಟ್ 14, ಶುಕ್ರವಾರ

ನಿನ್ನೆ ಏನೂ ಬರೆಯಲಿಲ್ಲ. ಪುಸ್ತಕ ತೆರೆಯುವುದು, ಮುಚ್ಚುವುದು.

ಕೊನೆಯ ತಿರುವಿನ ಕೆಳಗೆ ಬಸ್ಸಿಗೆ ಕಾಯುತ್ತ ಜನ ನಿಂತಿದ್ದರಂತೆ. ಆಚೆ ಪಕ್ಕದಲ್ಲಿ ರಸ್ತೆ ಕೆಲಸದ ಜಲ್ಲಿ ರಾಶಿ, ಅದರ ಹಿಂದೆ ಬಂಡೆ. ಅವನು ಸ್ಟೀರಿಂಗನ್ನು ಬಂಡೆಯ ಕಡೆಗೆ ತಿರುಗಿಸಿದ. ಹಾರಿಕೊಳ್ಳಬಹುದಿತ್ತು, ಹಾರಲಿಲ್ಲ. ಬಸ್ಸಿಗೆ ನಿಂತವರಲ್ಲಿ ಒಬ್ಬರಿಗೂ ಗೀರು ಬಿದ್ದಿಲ್ಲ. ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ.

ವಾರ್ಡಿನಲ್ಲಿ ಹೊದಿಕೆ ಮಂಡಿಯವರೆಗೆ ಉಬ್ಬಿತ್ತು. ಆಮೇಲೆ ಚಪ್ಪಟೆ. ನಾನು ಆ ಚಪ್ಪಟೆ ಜಾಗವನ್ನೇ ನೋಡುತ್ತಿದ್ದೆ. ಅವನ ಹೆಂಡತಿ ಸ್ಟೂಲು ಒರೆಸಿ ನನ್ನತ್ತ ಸರಿಸಿದಳು.

"ಕೂತ್ಕೊಳ್ಳಿ ಅಣ್ಣ. ನೀವು ಬಂದ್ರಲ್ಲ, ಸಾಕು. ಆಫೀಸಿಂದ ಯಾರೂ ಬಂದಿಲ್ಲ. ಇವರು ನಿದ್ದೆ ಹೊಡೀತಿದ್ರು ಅಂತ ಬರ್ಕೊಂಡಿದಾರಂತೆ. ಮನೇಲೇ ಸರಿಯಾಗಿ ನಿದ್ದೆ ಮಾಡೋರಲ್ಲ ಇವರು, ಗಾಡೀಲಿ ಮಾಡ್ತಾರಾ?"

ಮೌನಿ ಕಣ್ಣು ತೆರೆದ. ನನ್ನನ್ನು ಗುರುತಿಸಿದ. ತುಟಿ ಒಣಗಿತ್ತು.

"ಗುಡುಗಣ್ಣ. ಮುಳ್ಳು ತುಂಬಿತ್ತು."

"ಮಾತಾಡ್ಬೇಡ. ಮಲ್ಕೋ."

"ನೋಡ್ಕೊಂಡೇ ಇಳಿಸ್ದೆ. ತುಂಬಿತ್ತು. ಬಜರೂ ಕೂಗ್ಲಿಲ್ಲ. ಯಾರೂ ನಂಬ್ತಿಲ್ಲ. ನಾನೇ ಸರಿಯಾಗಿ ನೋಡ್ಲಿಲ್ವೇನೋ ಅಂತ ನಂಗೇ ಅನುಮಾನ ಬರ್ತಿದೆ." ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಕೇಳಿದ, "ನೀನು ಅಷ್ಟು ವರ್ಷ ಓಡಿಸ್ದೋನು. ಆ ಮುಳ್ಳು ಯಾವತ್ತಾದ್ರೂ ಸುಳ್ಳು ಹೇಳಿತ್ತಾ?"

ಅವನ ಹೆಂಡತಿಯೂ ನನ್ನ ಮುಖ ನೋಡಿದಳು.

ಸಾವಿರ ಜನಕ್ಕೆ ಕೇಳಿಸುವ ಗಂಟಲು ನನ್ನದು. "ನೀರು ಬೇಕಾ?" ಎಂದೆ.

ಆಗಸ್ಟ್ 16, ಭಾನುವಾರ

ಧಣಿ ಕರೆಸಿದರು. ಭಾನುವಾರ, ಆಫೀಸಿನಲ್ಲಿ ಅವರೊಬ್ಬರೇ. ಕುರ್ಚಿಯ ಹಿಂದೆ ನಾನು ಶಾಲು ಹೊದ್ದು ನಗುತ್ತಿದ್ದೆ. ಮೇಜಿನ ಮೇಲೆ ಹೊಸ ಕೀ, ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿತ್ತು.

"ನಿನ್ನ ಕಣ್ಣಿನ ರಿಪೋರ್ಟ್ ಬಂತು ಕಣಯ್ಯ. ಹದ್ದಿನ ಕಣ್ಣಂತೆ! ಹೊಸ ಗಾಡಿ ನಿನಗೇ ಅಂತ ಇಟ್ಟಿದೀನಿ."

ಕೈ ಮುಗಿದೆ.

"ಮಂಗಳವಾರ ಇನ್ಸ್‌ಪೆಕ್ಟರ್ ಬರ್ತಾರೆ, ಬೆಳಿಗ್ಗೆ ಹತ್ತಕ್ಕೆ. ನೀನೊಂದು ಮಾತು ಹೇಳ್ಬೇಕು. ಗಾಡಿ ಬಂಗಾರದ ಹಾಗಿತ್ತು ಅಂತ. ಹೇಗೂ ಎಲ್ಲರ ಮುಂದೆ ಹೇಳಿದೀಯಲ್ಲ, ಅದನ್ನೇ ಹೇಳು. ಗಾಡಿ ಸರಿ ಇತ್ತು ಅಂದ್ರೆ ತಪ್ಪು ಓಡಿಸ್ದೋನದು. ಅಲ್ಲಿಗೆ ಫೈಲು ಮುಚ್ತು."

"ಮೌನಿ ಗತಿ, ಧಣಿ?"

"ಲೈಸೆನ್ಸ್ ಹೋಗುತ್ತೆ. ಕಾಲೇ ಇಲ್ಲ, ಲೈಸೆನ್ಸ್ ಇಟ್ಕೊಂಡು ಏನ್ ಮಾಡ್ತಾನೆ?"

"ಆಸ್ಪತ್ರೆ, ಪರಿಹಾರ..."

"ತಪ್ಪು ಅವನದಾದ್ರೆ ಕಂಪನಿ ಯಾಕೆ ಕೊಡ್ಬೇಕಯ್ಯ?" ಆಮೇಲೆ ದನಿ ತಗ್ಗಿಸಿದರು. ಪ್ರೀತಿಯ ದನಿ. ಅದೇ ನನ್ನನ್ನು ಇಷ್ಟು ವರ್ಷ ಓಡಿಸಿದ್ದು. "ನೋಡು, ಮೇಸ್ತ್ರಿ ನಂಗೆ ಅವತ್ತೇ ಎಲ್ಲ ಹೇಳಿದ. ಜಾಯಿಂಟು, ಮುಳ್ಳು. ಬಜರಿನದ್ದು ನಾನೇ ಊಹಿಸ್ಕೊಂಡೆ."

ಕಾಲಿನ ಕೆಳಗೆ ಹಲಗೆ ಸರಿದ ಹಾಗಾಯಿತು. "ಅವತ್ತೇ ಅಂದ್ರೆ?"

"ತಪಾಸಣೆಗೆ ಮುಂಚೆ. ಪಾಸಾದ್ರೆ ಇನ್ನೊಂದು ವರ್ಷ ದುಡಿಸ್ಬಹುದಲ್ಲ ಅಂತ ಸುಮ್ನಿದ್ದೆ."

"ಗೊತ್ತಿದ್ದೂ ಗುಡ್ಡಕ್ಕೆ ಕಳ್ಸಿದ್ರಾ?"

"ನೀನು ಗೊತ್ತಿದ್ದೂ ಕೀ ಕೊಟ್ಯಲ್ಲ." ಸಿಟ್ಟಿಲ್ಲದೆ ಹೇಳಿದರು. ಕೀ ನನ್ನತ್ತ ತಳ್ಳಿದರು. "ಗಾಡಿ ನಿಂದೇ ಅಂತ ತಿಳ್ಕೋ."

ತೆಗೆದುಕೊಂಡೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ತೆಗೆದುಕೊಂಡು, ಜೇಬಿಗೆ ಹಾಕಿಕೊಂಡು, ಮತ್ತೊಮ್ಮೆ ಕೈ ಮುಗಿದು ಹೊರಗೆ ಬಂದೆ.

ಆಗಸ್ಟ್ 17, ಸೋಮವಾರ

ಬೆಳಿಗ್ಗೆ ಹೊಸ ಗಾಡಿ ಹತ್ತಿದೆ. ಸೀಟಿನ ಪ್ಲಾಸ್ಟಿಕ್ಕು ಹರಿದಿಲ್ಲ. ಸ್ಟೀರಿಂಗ್ ತಣ್ಣಗೆ, ಮೆತ್ತಗೆ. ಕಣ್ಣು ಮುಚ್ಚಿದರೆ ಸಾಕು, ನಿವೃತ್ತಿಯವರೆಗೆ ದಾರಿ ಕಾಣುತ್ತಿತ್ತು. ಕೀ ತಿರುಗಿಸಿದೆ.

ಬಜರ್ ಕೂಗಿತು.

ಏನೂ ಕೆಟ್ಟಿರಲಿಲ್ಲ. ಎಷ್ಟೋ ದಿನ ನಿಂತ ಗಾಡಿಯಲ್ಲಿ ಗಾಳಿ ಇರುವುದಿಲ್ಲ, ಟ್ಯಾಂಕು ತುಂಬುವವರೆಗೆ ಅದು ಕೂಗಲೇಬೇಕು. ಕ್ಲೀನರಿಗೂ ಗೊತ್ತಿರುವ ವಿಷಯ. ಆದರೆ ನಾನು ಎಂಜಿನ್ ಹಾಕಲೂ ಆಗದೆ, ಕೀ ತೆಗೆಯಲೂ ಆಗದೆ ಕೂತೆ. ಅದು ಕೂಗುತ್ತಲೇ ಇತ್ತು. ಗುಡ್ಡದ ಮೇಲೆ ಮೌನಿಗೆ ಕೇಳಿಸಬೇಕಾಗಿದ್ದ ಸದ್ದು. ಮೇಲಿನ ಮೊದಲ ತಿರುವಿನಲ್ಲೇ ಕೇಳಿಸಿದ್ದರೆ ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಒರಗಿಸಿ, ಇಳಿದು, ಬುತ್ತಿ ಬಿಚ್ಚಿ ತಿನ್ನುತ್ತಿದ್ದ. ಮೇಸ್ತ್ರಿ ಓಡಿ ಬಂದು ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ಯಾರ್ಡಿನ ಹಿಂದೆ ಲಾರಿ ಟಾರ್ಪಾಲಿನ ಕೆಳಗೆ ಬಿದ್ದಿದೆ. ಮುಂಭಾಗ ಒಳಗೆ ಹೊಕ್ಕಿದೆ, ಮುಳ್ಳು ಪುಡಿಪುಡಿ. ನಾಳೆ ಇನ್ಸ್‌ಪೆಕ್ಟರ್ ಒಂದು ಸುತ್ತು ಹಾಕಿ ಹೋದ ಕೂಡಲೇ ಗುಜರಿಯವರು ಎಳೆದೊಯ್ಯುತ್ತಾರಂತೆ. ಡ್ರೈವರ್ ಬಾಗಿಲು ಅರ್ಧ ತೆರೆಯುತ್ತದೆ. ಅದರೊಳಗೆ ಕೈ ತೂರಿಸಿ, ಕೆಳಗೆ ತಡವಿದೆ. ವೈರು ಸಿಕ್ಕಿತು. ತುದಿಯಲ್ಲಿ ಹಸಿರು ಬಟ್ಟೆ ಹಾಗೇ ಇತ್ತು. ಕಿತ್ತು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಅದಕ್ಕೇ ಹೋಗಿದ್ದೆನೋ ಏನೋ. ಬಿಟ್ಟು ಬಂದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹಸಿರು ಬಟ್ಟೆಯ ವಿಷಯ ಬಂದಾಗ ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಆ ಚೂರಾ? ನನ್ನ ರವಿಕೆಯದ್ದಾ?"

"ಹ್ಞೂಂ."

"ತಮಾಷೆ ಮಾಡಿ ಕಳ್ಸಿದೆನಲ್ರೀ ನಾನು."

ಬೈಯುತ್ತಾಳೆಂದು ಕಾದೆ, ಬೈದರೆ ಹಗುರಾಗುತ್ತಿತ್ತು. ಕೊನೆಗೆ, "ಊರಿಗೆಲ್ಲ ಕೇಳೋ ಹಾಗೆ ಮಾತಾಡ್ತೀರಿ. ಆ ಪುಣ್ಯಾತ್ಮ ಎಷ್ಟನೇ ಗೇರು ಅಂತ ಒಂದು ಮಾತು ಕೇಳಿದ್ದ" ಎಂದಳು.

"ಹೇಳಿದ್ರೆ ಕೆಲಸ ಹೋಗುತ್ತೆ ಕಣೆ. ಜೈಲೂ ಆಗ್ಬಹುದು. ಬೇರೆ ಯಾರು ಕೆಲಸ ಕೊಡ್ತಾರೆ ನಂಗೆ?"

"ಗೊತ್ತು."

"ನಿನ್ನ ಗತಿ?"

"ನನ್ನ ಮೆಷಿನ್ನಿಗೆ ಬ್ರೇಕಿಲ್ಲ. ಅದು ಓಡುತ್ತೆ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಭಯವಾಗುತ್ತಿದೆ. ಅಪ್ಪ ಪರದೆ ಎಳೆಯುವ ಮೊದಲು ಅಂಗೈಗೆ ಉಗುಳಿಕೊಳ್ಳುತ್ತಿದ್ದ, ಹಗ್ಗ ಜಾರಬಾರದೆಂದು. ನನ್ನ ಅಂಗೈ ಈಗಲೇ ಒದ್ದೆಯಾಗಿದೆ. ನಾಳೆ ಮೌನಿಯ ಹೆಂಡತಿ ಮತ್ತೆ ಸ್ಟೂಲು ಒರೆಸಿ ಕೊಡುತ್ತಾಳೆ, ಆಮೇಲೆ ಅದನ್ನೇ ನನ್ನ ತಲೆಗೆ ಎತ್ತಿದರೂ ಎತ್ತಿದಳೇ. ಎತ್ತಲಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರನ್ನು ಟಾರ್ಪಾಲಿನ ಹತ್ತಿರ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಆ ವೈರನ್ನು ಹೊರಗೆ ಎಳೆಸುತ್ತೇನೆ. ಹೊಸ ಕೀ ಧಣಿಯ ಮೇಜಿನ ಮೇಲೆ ಇಡುತ್ತೇನೆ, ಗೋಡೆಯ ಮೇಲಿನ ಫೋಟೊ ಇಳಿಸಿಕೊಳ್ಳುತ್ತೇನೆ. ಆದರೆ ಅದೆಲ್ಲ ಆಮೇಲಿನದು. ಅದಕ್ಕೂ ಮುಂಚೆ, ವಾರ್ಡಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಮೌನಿಯ ಪಕ್ಕದಲ್ಲಿ ಕೂರುತ್ತೇನೆ. ಅವನ ಕಿವಿಯ ಹತ್ತಿರ ಬಾಯಿ ತಂದು, ಪಕ್ಕದ ಹಾಸಿಗೆಯವನಿಗೂ ಎಚ್ಚರವಾಗದಷ್ಟು ಮೆಲ್ಲಗೆ ಹೇಳುತ್ತೇನೆ: ಜಾಯಿಂಟು ಸೋರುತ್ತೆ, ಮುಳ್ಳು ಸುಳ್ಳು ಹೇಳುತ್ತೆ, ಬಜರಿನ ಬಾಯಿ ನಾನು ಕಟ್ಟಿದ್ದೇನೆ, ಗುಡ್ಡಕ್ಕೆ ಎರಡನೇ ಗೇರು.